ಪಟ್ಟಿ

ಅಂತಿಯೂರಿನಾಚೆ, ಬರ್ಗೂರು ಬೆಟ್ಟದಲ್ಲಿ ಪಟ್ಟಿ ಎಂದರೆ
ಮುಳ್ಳುಬೇಲಿ ಕಟ್ಟಿದ ದನದ ದೊಡ್ಡಿ,
ಕಾಡಿನೊಳಗೆ, ಊರಿಂದ ಎರಡು ಹಳ್ಳ ಆಚೆ.
ನನಗೆ ಪಟ್ಟಿ ಎಂದರೆ ಹಲಗೆಗೆ ಸಿಕ್ಕಿಸಿದ ಹಾಳೆ:
ಹದಿನಾರು ಸಾಲು, ಹತ್ತು ಕಲಂ.
ಮೊದಲ ದಿನವೇ ಗುರುಮಲ್ಲಪ್ಪ ಕೇಳಿದ:
"ನಿನ್ ಪಟ್ಟೀಲಿ ಎಷ್ಟು ದನ ಹಿಡಿತವೆ?"

ನಾನು ತಾಳವಾಡಿಯವಳು. ತಮಿಳು ಬೋರ್ಡಿನ ಬಸ್ಸಿನಲ್ಲಿ
ಕನ್ನಡದಲ್ಲೇ ಚಿಲ್ಲರೆಗೆ ಜಗಳವಾಡಿ ಬೆಳೆದವಳು.
ಈ ಕೆಲಸ ಸಿಕ್ಕಿದ್ದೂ ಅದಕ್ಕೇ,
ದನದವರ ಮಾತು ಬರುತ್ತದೆ ಎಂದು.
ಕೆಲಸವೇನು? ತೇಗು ಅಳೆಯುವುದು.

ಮೆಲುಕು ಹಾಕುವ ಹಸು ನಿಮಿಷಕ್ಕೊಮ್ಮೆ ತೇಗುತ್ತದೆ,
ಸದ್ದಿಲ್ಲದೆ, ಕತ್ತು ಚಾಚಿ, ಕಣ್ಣು ಅರೆ ಮುಚ್ಚಿ.
ಆ ತೇಗಿನಲ್ಲಿ ಮೀಥೇನ್. ಅದು ಮೇಲೇರಿ
ನೆಲದ ಕಾವನ್ನು ಬಿಟ್ಟುಕೊಡದೆ ಕೂರುತ್ತದೆ.
ಅದಕ್ಕೇ ಮೂಗಿನ ಹತ್ತಿರ ಸಣ್ಣದೊಂದು ಕೊಳವೆ,
ಕತ್ತಿಗೆ, ಮರದ ಗಂಟೆಯ ಪಕ್ಕ, ಉಕ್ಕಿನ ಡಬ್ಬಿ.
"ಒಳಗೇನೈತೆ?"
ಏನೂ ಇಲ್ಲ. ಗಾಳಿಯನ್ನೂ ತೆಗೆದಿದ್ದೇವೆ.
ಅವನು ಡಬ್ಬಿ ತಟ್ಟಿ ನೋಡಿ ಹೆಂಡತಿಯನ್ನು ಕೂಗಿದ:
"ಬಾ ಇಲ್ಲಿ, ಏನೂ ಇಲ್ದೇ ಇರೋದ
ಅಂತಿಯೂರಿಂದ ಜೀಪಲ್ಲಿ ಹೊತ್ಕಂಡ್ ಬಂದವ್ರೆ."

ಗುರುಸಿದ್ದಮ್ಮನದು ಬೇರೆಯೇ ಸಂಶಯ.
ಉಂಡವರು ತೇಗಿದರೆ ಇಕ್ಕಿದವಳಿಗೆ ನೆಮ್ಮದಿ;
ತೇಗಬೇಡ ಅನ್ನೋ ಸರ್ಕಾರ ಯಾವುದು?
ವಿವರಿಸಿದೆ. ಮಳೆಯ ಮಾತು ಬಂದಾಗ ತಲೆಯಾಡಿಸಿದಳು,
ಈ ವರ್ಷ ಹಳ್ಳ ಶಿವರಾತ್ರಿಗೇ ನಿಂತಿತ್ತು.
ಹಸುವಿನ ಮಾತು ಬಂದಾಗ ಎದ್ದು ಹೋದಳು.

ಒಂಬತ್ತನೇ ಕಲಂ: ಲೀಟರ್ ಹಾಲಿಗೆ ಎಷ್ಟು ತೇಗು.
ಹದಿನಾಲ್ಕನೇ ಸಾಲು: ಸಂಪಗಿ. ಕೆಂಪು ಮೈ, ಬಿಳಿ ಮಚ್ಚೆ,
ಹಣೆಯ ಮೇಲೆ ಉದ್ದಕ್ಕೆ ಬಿಳುಪು, ಅದೂ ಒಂದು ಪಟ್ಟಿಯೇ.
ಆರು ವರ್ಷದಿಂದ ಕರುವಿಲ್ಲ.
ಹಾಲಿನ ಮನೆಗೆ ಸೊನ್ನೆ ಹಾಕಿದ ಕೂಡಲೇ
ಲ್ಯಾಪ್‌ಟಾಪು ಬಾಯಿ ಬಿಟ್ಟಿತು:
ಸೊನ್ನೆಯಿಂದ ಭಾಗಿಸಲಾಗದು.
ಇಂಥವು ನಾಲ್ಕು ಕಡಿಮೆಯಾದರೆ, ಎಂದರು ಮೇಡಂ, ಕೊಯಮತ್ತೂರಿನಿಂದ,
ಸರಾಸರಿ ಇಳಿಯುತ್ತದೆ.
ಲೆಕ್ಕ ತಪ್ಪಲ್ಲ. ನಾನೂ ಮಾಡಿ ನೋಡಿದೆ.
ಇಳಿಯುತ್ತದೆ.

ಡಬ್ಬಿ ಕಟ್ಟಿದ ದಿನ ದನದ ಹಿಂದೆ ನಡೆದೆ.
ಲಂಟಾನ ಮುಚ್ಚಿದ ಕಾಡು, ಮುಂದಿನ ದನದ ಬಾಲವೇ ದಾರಿ.
ಎರಡು ಹಳ್ಳ ಒಣಗಿದ್ದವು. ಮೂರನೆಯದೂ.
ಗುರುಮಲ್ಲಪ್ಪ ನಿಂತ. ದನಗಳೂ ನಿಂತವು.
ಸಂಪಗಿ ಮೂಗೆತ್ತಿ ಒಂದು ಗಳಿಗೆ ಸುಮ್ಮನಿದ್ದು
ಎಡಕ್ಕೆ ತಿರುಗಿದಳು, ಬಿದಿರ ಮೆಳೆಯ ಹಿಂದಕ್ಕೆ.
ಡಬ್ಬಿ ಗಂಟೆಗೆ ತಗುಲಿ
ಟೊಕ್ಕು, ಟಣ್, ಟೊಕ್ಕು.
ಬಂಡೆಯಡಿ ನೀರಿತ್ತು.
ಉಳಿದ ಹದಿನೈದೂ ಕುಡಿದವು, ಅವಳು ಕೊನೆಗೆ.
"ಇವಳವ್ವ ಇವಳ್ಗೆ ತೋರ್ಸಿದ್ ಜಾಗ," ಅಂದ,
"ನಂಗೂ ಗೊತ್ತಿರ್ನಿಲ್ಲ."

ಹತ್ತನೆಯ ಕಲಂ ಷರಾ, ಬೆರಳಗಲ.
ಅಲ್ಲಿ ಬರೆದೆ, ಇಂಗ್ಲಿಷಿನ ನಡುವೆ ಕನ್ನಡದಲ್ಲಿ:
ದಾರಿ ಬಲ್ಲಳು.
ಮೇಡಂಗೆ ಈ ಲಿಪಿ ಬಾರದು.
ಬಂದರೂ ಇದನ್ನು ಯಾವ ಅಂಕಿಯ ಮೇಲೆ ಕೂರಿಸುತ್ತಾರೆ?

ಆದರೂ ಮೀಥೇನ್ ಸುಳ್ಳಲ್ಲ, ಒಣ ಹಳ್ಳ ಸುಳ್ಳಲ್ಲ.
ತೇಗು ತಗ್ಗಿಸುವ ಒಗರು ಹಿಂಡಿ ಎರಡು ಮೂಟೆ ಬಂತು,
ಬೆಲ್ಲದ ನೀರಲ್ಲಿ ಕಲಸಿಟ್ಟೆವು.
ಕರೆಯುವ ಹಸುಗಳು ತಿಂದವು.
ಸಂಪಗಿ ಮೂಸಿ, ಸೀನಿ, ಬೆಟ್ಟದ ಕಡೆ ನೋಡಿದಳು.

ಫಲಿತಾಂಶ ಬಂದದ್ದು ಒಂದೂವರೆ ತಿಂಗಳಿಗೆ.
ಸಿಗ್ನಲ್ ಸಿಗುವ ತಟ್ಟಕರೆಯ ತಿರುವಿಗೆ ನಡೆದು ಬಂದು
ಗುರುಸಿದ್ದಮ್ಮನೇ ಫೋನು ಮಾಡಿದಳು:
"ನಮ್ ಸಂಪಗೀದು ಎಷ್ಟ್ ಬಂತವ್ವ?"
ದಿನಕ್ಕೆ ನೂರ ಐವತ್ತೊಂದು ಗ್ರಾಂ.
"ಎಲ್ರಿಗಿಂತ ಜಾಸ್ತಿಯಾ?"
ಹೂಂ, ಎಂದೆ, ಚಾಡಿ ಹೇಳಿದವಳ ಹಾಗೆ.
ಆ ಕಡೆ ಗಾಳಿ, ಏರು ಹತ್ತುವ ಲಾರಿ, ಆಮೇಲೆ ನಗು:
"ಹಂಗಾರೆ ಹೊಟ್ಟೆ ತುಂಬ ಮೇದವ್ಳೆ ಬುಡು."