ಸಾಬೂನಿನ ಅಚ್ಚು

ನಮ್ಮ ಕಡೆ ಬೀಗಕ್ಕೆ ಕೀಲಿ ಅಂತಾರೆ,
ಕೀಲಿ ತೆಗೆಯುವುದಕ್ಕೆ ಕೀಲಿಕೈ.
ಕೈ ಇಲ್ಲದ ಕೀಲಿಯನ್ನು
ಅಬ್ಬಾ ಯಾರಿಗೂ ಮಾರಲಿಲ್ಲ.

ಈ ಕಂಪನಿ ಮಾರಿತು.
ಬಾಗಲಕೋಟೆಯ ನವನಗರ, ನಲವತ್ತೇಳನೇ ಸೆಕ್ಟರು,
ಗುರಸಂಗವ್ವನ ಬಾಗಿಲಿಗೆ ಕೂತ ಕೀಲಿ
ಹೆಬ್ಬೆಟ್ಟು ಮೂಸುತ್ತದೆ, ಮುಖ ನೋಡುತ್ತದೆ.
ಅದರ ಕೈ ಮಾತ್ರ
ಯಾವುದೋ ದೇಶದ ತಣ್ಣನೆಯ ಕೋಣೆಯಲ್ಲಿ.
ಬಾಗಿಲು ಹಳೇ ಊರಿನದು, ಸಾಗವಾನಿ.
ಹಿನ್ನೀರು ಹೊಸ್ತಿಲು ಮುಟ್ಟುವ ಮುಂಚೆ
ಚೌಕಟ್ಟು ಸಮೇತ ಕಿತ್ತು
ಟ್ರ್ಯಾಕ್ಟರಿನಲ್ಲಿ ಮಲಗಿಸಿ ತಂದದ್ದು.
ಹಿತ್ತಾಳೆ ಗುಬ್ಬಿಗಳ ನಡುವೆ ಈಗ
ಒಂದು ಕಪ್ಪು ಗಾಜಿನ ಕಣ್ಣು.

ಗಿರಣಿಯ ಮೋಟಾರು ಕಳುವಾದ ವಾರ ಅದನ್ನು ಕೊಂಡಳು.
ಮೂವತ್ತು ವರ್ಷ ಊರಿನ ಜೋಳ ಬೀಸಿದ ಗಿರಣಿ
ಜೊತೆಗೆ ಅವಳ ಕಿವಿಯನ್ನೂ ಬೀಸಿ ಮುಗಿಸಿತ್ತು.
ಗಂಟೆ ಒತ್ತಿದರೆ ಒಳಗೆ ಕೋಗಿಲೆ ಕೂಗುತ್ತದೆ.
"ಯಾರಿಗೆ ಕೂಗತೈತಿ ಅದು?
ನನಗಂತೂ ಅಲ್ಲವಾ, ಶಮಶಾದ.
ದೀಪಾ ಹತ್ತಿ ಆರೂ ಹಂಗ ಮಾಡಾಕ ಬರೂದಿಲ್ಲೇನು?"

ಬರುವುದಿಲ್ಲ ಎಂದು ಎರಡು ವರ್ಷ ತಲೆ ಅಲ್ಲಾಡಿಸಿದೆ.
ಕಂಪನಿಗೆ ಬರೆದೆ. ಧನ್ಯವಾದ ಬಂತು.
ಮತ್ತೆ ಬರೆದೆ. ಮತ್ತೊಂದು ಧನ್ಯವಾದ.

ಯುಗಾದಿ ಮುಗಿದ ಮೇಲೆ ಅವರೇ ಬಾಗಿಲು ತೆರೆದರು:
ಕೋಡ್ ಬರೆಯುವವರು ಯಾರೇ ಆಗಲಿ ಬರಬಹುದು,
ಇಗೋ ಮೂವತ್ತೆರಡು ಅಕ್ಷರದ ಕೈ,
ದಿನಕ್ಕೆ ಸಾವಿರ ಸಲ ಕೇಳಬಹುದು, ಹೆಚ್ಚಿಲ್ಲ.
ಅವರ ಕೈಪಿಡಿಯಲ್ಲಿ ಕೀಲಿಯೆಂದರೆ ಸಾಧನ,
ಗುರಸಂಗವ್ವ ಬಳಕೆದಾರ,
ಹೊಸ್ತಿಲಿಗೆ ಬಂದು ನಿಂತವರು ಒಂದು ಘಟನೆ.

ಪಾಲಿಟೆಕ್ನಿಕ್ ಹುಡುಗರಿಗೆ ಸರ್ಕ್ಯೂಟ್ ಕಲಿಸುವವಳು ನಾನು,
ಕೈ ತುರಿಸಿತು.
ಒಂದು ರಾತ್ರಿ, ಎರಡು ಚಹಾ, ನಲವತ್ತೊಂದು ಸಾಲು.
ನಡುವೆ ಅನುಮತಿ ಕೇಳಿತು:
ಗಂಟೆ? ಚಿತ್ರ? ಹಿಂದಿನ ದಾಖಲೆ? ಕೀಲಿ ತೆರೆಯುವುದು?
ಎಲ್ಲಕ್ಕೂ ಗುರುತು ಹಾಕಿದೆ,
ಮದುವೆ ಪಂಕ್ತಿಯಲ್ಲಿ ಬಡಿಸಿದ್ದಕ್ಕೆಲ್ಲ
ಹೂಂ ಅಂದ ಹಾಗೆ.

ಬೆಳಿಗ್ಗೆ ಗಂಟೆ ಒತ್ತಿದೆ.
ಅಡಿಗೆಮನೆಯ ಬಲ್ಬು ಮೂರು ಸಲ ಕಣ್ಣು ಹೊಡೆಯಿತು.
ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು,
ನನ್ನನ್ನು ಹೊರಗೇ ನಿಲ್ಲಿಸಿ
"ಇನ್ನೊಮ್ಮೆ ಒತ್ತು" ಎಂದು ಮತ್ತೆ ಒಳಗೋಡಿದಳು.
ಹದಿನಾರು ಸಲ ಒತ್ತಿದೆ.
ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು.

ಇಲ್ಲಿಗೆ ಮುಗಿಯಬೇಕಿತ್ತು.

ಮರುವಾರ, ತಪ್ಪು ಹುಡುಕಲೆಂದು ದಾಖಲೆ ತೆರೆದೆ.
ನಸುಕಿನ ನಾಲ್ಕು ಹತ್ತು, ಬಾಗಿಲು ತೆರೆದಿದೆ.
ಐದು ಐವತ್ತು, ಮುಚ್ಚಿದೆ.
ನಿನ್ನೆಯೂ. ಮೊನ್ನೆಯೂ. ಅದರ ಹಿಂದಿನ ಸೋಮವಾರವೂ.
ಚಿತ್ರದಲ್ಲಿ ಅವಳ ಬೆನ್ನು, ಕೈಯಲ್ಲೊಂದು ಚೀಲ.
ಮರಳುವಾಗ ನಿರಿಗೆಗೆ ಮೊಳಕಾಲತನಕ ಕೆಸರು.
ಬಣ್ಣ ನೋಡಿ ತಿಳಿಯಿತು,
ಹಿನ್ನೀರು ಇಳಿದಾಗಷ್ಟೇ ಕಾಣುವ ಕೆಸರು ಅದು,
ಮುಳುಗಿದ ಓಣಿಯದು.
ಈ ಬಾಗಿಲು ಮೊದಲು ನಿಂತಿದ್ದ ಜಾಗಕ್ಕೆ
ಈ ಬಾಗಿಲು ತೆಗೆದು ಹೋಗಿ ಬರುತ್ತಾಳೆ.
ಏನು ಒಯ್ಯುತ್ತಾಳೆ, ಏನು ತರುತ್ತಾಳೆ,
ಇನ್ನೊಂದು ಚಿತ್ರ ಒತ್ತಿದ್ದರೆ ತಿಳಿಯುತ್ತಿತ್ತು.

ಬೆರಳು ಅದರ ಮೇಲೇ ಇತ್ತು.

ಅಬ್ಬಾ ಕೂರುತ್ತಿದ್ದ ಮೂಲೆ ನೆನಪಾಯಿತು.
ಗೋಣಿತಟ್ಟು, ಅದರ ಮೇಲೆ ನಾಲ್ಕು ಅರ,
ಜೇಬಿನಲ್ಲಿ ಅರ್ಧ ತುಂಡು ಕೆಂಪು ಸಾಬೂನು.
ಊರಿನ ಅರ್ಧ ಕೀಲಿಕೈಗಳ ಅಚ್ಚು
ಅಂಥ ತುಂಡುಗಳ ಮೇಲೆ ಬಿದ್ದಿತ್ತು,
ಲೇವಾದೇವಿಯ ಶೆಟ್ಟರ ತಿಜೋರಿಯದೂ.
ಹೊಸ ಕೈ ಕೀಲಿಯಲ್ಲಿ ತಿರುಗಿದ ಕೂಡಲೇ
ಮನೆಯವರಿಂದಲೇ ಚೊಂಬು ನೀರು ಕೇಳಿ
ಅವರ ಎದುರೇ
ಅದೇ ಸಾಬೂನಿನಿಂದ ಕೈ ತೊಳೆಯುತ್ತಿದ್ದ,
ಹಲ್ಲುಹಲ್ಲು ಅಚ್ಚು ನೊರೆಯಾಗಿ
ಮೋರಿಗೆ ಹರಿಯುವ ತನಕ.
ಕೂಲಿ ತೊಗೊಳ್ಳುವುದು ಆಮೇಲೆ.

ಗುರುತುಗಳನ್ನು ಒಂದೊಂದೇ ತೆಗೆದೆ.
ಚಿತ್ರ ಬೇಡ. ದಾಖಲೆ ಬೇಡ. ಕೀಲಿ ತೆರೆಯುವುದು ಬೇಡವೇ ಬೇಡ.
ಗಂಟೆಯೊಂದಿರಲಿ.
ಹಳೆಯ ಮೂವತ್ತೆರಡು ಅಕ್ಷರಗಳನ್ನು ಸಾಯಿಸಿ
ಹೊಸವನ್ನು ಅವಳ ಮನೆಯ ಪುಟ್ಟ ಡಬ್ಬಿಯಲ್ಲೇ ಇಟ್ಟೆ,
ನನ್ನ ಹತ್ತಿರ ನಕಲಿಲ್ಲ.

"ಏನ ಮಾಡಾಕತ್ತಿ ಇಷ್ಟೊತ್ತು?" ಅಂದಳು.
ಕೈ ತೊಳೆಯುತ್ತಿದ್ದೇನೆ ಎಂದು ಸನ್ನೆ ಮಾಡಿದೆ.
ಏನು ತಿಳಿಯಿತೋ,
ಚೊಂಬು ನೀರು ತಂದಿಟ್ಟಳು.