ಹಾಲಿನ ಥರ್ಮಾಮೀಟರು

ಇದು ಡೈರಿಯದು.
ಹೊಸದು ಬಂದ ದಿನ ಹಾಲಿನ ಸಂಘದ ಬೋರಲಿಂಗಣ್ಣ
ಹಳೆಯದನ್ನು ನನ್ನ ಕೈಗೆ ಹಾಕಿದ.
ಕ್ಯಾನಿಗೆ ಅದ್ದಿ ಅದ್ದಿ ಅಂಕಿಗಳು ಸವೆದಿವೆ,
ಹದಿನೆಂಟರ ಹತ್ತಿರ ಒಂದು ಗೀರು.

ಪುಷ್ಯಮಾಸದ ಬೆಳಿಗ್ಗೆ ಏಳೂವರೆಗೆ
ಯಗಚಿ ಡ್ಯಾಮಿನ ಹಿನ್ನೀರಿಗೆ ಅದನ್ನು
ಗಾಳದ ದಾರದಲ್ಲಿ ಇಳಿಬಿಡುತ್ತೇನೆ.
ಬೇಗ ಓದಬೇಕು.
ಮೇಲೆ ಬಂದದ್ದೇ ತಡ, ಕೆಂಪು ಗೆರೆ
ಗಾಳಿಯ ಮಾತು ಕೇಳಿ ಸುಳ್ಳು ಹೇಳತೊಡಗುತ್ತದೆ.
ಹತ್ತೊಂಬತ್ತು.
ಸ್ಲೇಟಿನ ಮೇಲೆ ಬರೆದು
ಜಾಕೆಟ್ಟುಗಳ ಪಕ್ಕ ತೂಗುಹಾಕುತ್ತೇನೆ.

ಮಧ್ಯಾಹ್ನ ಬೇಲೂರಿನಿಂದ ಬರುತ್ತಾರೆ,
ಗುಡಿಯ ಅಂಗಳದ ಕಾದ ಕಲ್ಲು ಅಂಗಾಲಿನಲ್ಲಿನ್ನೂ ಚುರುಗುಟ್ಟುತ್ತಿರುತ್ತದೆ.
ಕೈ ಅದ್ದಿ ನೋಡಿ, ಆಹಾ, ಬೆಚ್ಚಗಿದೆ ಎನ್ನುತ್ತಾರೆ.
ಬೆಚ್ಚಗಿರುವುದು ಮೇಲಿನ ಗೇಣು ಮಾತ್ರ,
ಬಿಸಿ ಸಾರಿನ ಮೇಲೆ ತೇಲುವ ಎಣ್ಣೆಯಷ್ಟು ತೆಳ್ಳಗೆ.
ಕೆಳಗೆ ಬೆಳಗಿನ ಜಾವ ಹಾಗೇ ಕೂತಿದೆ.

ನಿನ್ನೆ ಒಬ್ಬರು ಸ್ಲೇಟು ನೋಡಿ ನಕ್ಕರು:
‘ಹತ್ತೊಂಬತ್ತಾ? ನಮ್ಮ ಆಫೀಸಿನ ಏಸಿ ಹದಿನೆಂಟು.’
‘ಏಸಿ ನಿಮ್ಮನ್ನ ತಬ್ಬಿಕೊಳ್ಳಲ್ಲ ಸಾರ್’ ಅಂದೆ.
ಜಾಕೆಟ್ಟು ಹಾಕಿದರು. ಬಕಲ್ಲು ಹಾಕಲಿಲ್ಲ.

ಉಮಾಪತಿಯೂ ಹಾಕಿರಲಿಲ್ಲ.
ಹಗರೆಯವನು, ಕಬಡ್ಡಿ ತಂಡದಲ್ಲಿದ್ದವನು,
ಬಾವಿಯಲ್ಲಿ ಈಜು ಕಲಿತವನು.
ಕಯಾಕು ಮಗುಚಿದ್ದು ದಡದಿಂದ ನಲವತ್ತು ಮಾರು.
ಎದ್ದ. ಬಾಯಿ ತೆರೆದಿತ್ತು,
ಕೂಗು ಇರಲಿಲ್ಲ.
ಸಿನಿಮಾದಲ್ಲಿ ಕೈಬೀಸಿ ಕೂಗುತ್ತಾರೆ.
ಇಲ್ಲಿ ಉಸಿರು ಒಳಗೇ ಒಳಗೇ ಎಳೆದುಕೊಳ್ಳುತ್ತಿತ್ತು,
ಬಿಕ್ಕಿ ಅಳುವ ಕೂಸಿನ ಹಾಗೆ,
ಹೊರಗೆ ಬರುವ ದಾರಿ ಮರೆತು.
ಜಾಕೆಟ್ಟು ಕಿವಿಯವರೆಗೆ ಜಾರಿತು.
ಅವನು ಈಜತೊಡಗಿದ. ಅದೇ ತಪ್ಪು.

ಖಲಂದರ್ ಬೋಟು ತಿರುಗಿಸುತ್ತಲೇ ಅರಚಿದ:
‘ಈಜ್‌ಬ್ಯಾಡ ಕಣೋ! ಮಲಕ್ಕೋ! ಅಂಗಾತ ಮಲಕ್ಕೋ!’
ಮಲಗಿದನೋ, ಕೈ ಸೋತು ಮಲಗಿಸಿತೋ,
ಗೊತ್ತಿಲ್ಲ.
ಒಂದು ನಿಮಿಷ ಆಕಾಶ ನೋಡಿದ.
ಆಮೇಲೆ ಕೆಮ್ಮಿದ.
ಅಷ್ಟು ಚೆಂದದ ಕೆಮ್ಮನ್ನು ನಾನು ಕೇಳಿಲ್ಲ.

ಜೆಟ್ಟಿಯ ಮೇಲೆ ಚಹಾದ ಲೋಟ ಹಿಡಿಯಲು
ಬೆರಳುಗಳು ಒಪ್ಪಲಿಲ್ಲ. ನಾನೇ ಕುಡಿಸಿದೆ.
ಹಲ್ಲು ಲೋಟಕ್ಕೆ ಬಡಿಯುತ್ತಿತ್ತು.
‘ಅಕ್ಕಾ, ಈಜು ಬರುತ್ತೆ ನಂಗೆ.
ಉಸಿರೇ ನನ್ನ ಮಾತು ಕೇಳ್ಲಿಲ್ಲ’ ಅಂದ.
ಇದನ್ನು ಸ್ಲೇಟಿನ ಮೇಲೆ ಹೇಗೆ ಬರೆಯಲಿ?
ಜಾಗ ಇರುವುದು ಒಂದು ಅಂಕಿಗೆ.

ಇವತ್ತಿನ ಮೊದಲ ಬೋಟಿಗೆ ಒಬ್ಬಳು ಪುಟ್ಟಿ,
ಮೂಗು ಕೆಂಪಗೆ, ಜಡೆ ಜಾಕೆಟ್ಟಿನೊಳಗೆ ಸಿಕ್ಕಿಕೊಂಡಿದೆ.
ಜಡೆ ಬಿಡಿಸಿ, ಮೂರೂ ಬಕಲ್ಲು ಬಿಗಿದು,
ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡಿದೆ.
ಜಾರಲಿಲ್ಲ.
ಬಿದ್ದರೆ ಏನು ಮಾಡ್ತೀಯ?
‘ಮಲಕ್ಕೋತೀನಿ.’
ಆಮೇಲೆ?
‘ಉಸಿರು ಎಣಿಸ್ತೀನಿ.’
ಎಣಿಸಿ ತೋರಿಸು.

ಬಾಯಿಂದ ಹಬೆ, ಒಂದೊಂದಾಗಿ.
ಅವಳ ಅಪ್ಪ ಗಡಿಯಾರ ನೋಡುತ್ತಿದ್ದಾರೆ,
ಖಲಂದರ್ ಹಗ್ಗ ಹಿಡಿದು ಕಾಯುತ್ತಿದ್ದಾನೆ.
ಏಳು. ಎಂಟು. ಒಂಬತ್ತು.
ಕೊನೆಯದನ್ನು ನಾನೇ ಹೇಳಿದೆ,
ಬೋಟಿನತ್ತ ಕೈ ತೋರಿಸಿ:
ಹತ್ತು.