ಹತ್ತು ಪೆಸೊ ಅಗಲ

ಬಣ್ಣ ಬಳಿದ ಡಬ್ಬಿಯಾದರೆ ಮೂರು ಸಾವಿರ ಹೆಚ್ಚು,
ಅಂದ ಅಂಗಡಿಯವ.
ಮೂರು ಸಾವಿರಕ್ಕೆ ತಾಲ್ಕವಾನೊ ಬಂದರಿನಲ್ಲಿ
ನಮ್ಮಿಬ್ಬರ ಎರಡು ದಿನದ ರೊಟ್ಟಿ.
ಬೆತ್ತಲೆ ಅಲ್ಯೂಮಿನಿಯಮ್ಮನ್ನೇ ಕೊಡು, ಅಂದೆ.
ಅಂಗೈಯಗಲದ್ದು, ಐದು ತೂತು,
ಮೀನಿನ ಚೀಲದಲ್ಲಿ ಸುತ್ತಿ ತಂದೆ.

ಒಳಗೆ ಕೂರಬೇಕಾದ್ದು ತಂಗಿಯ ಗಿಟಾರಿನ ಗುಡುಗು:
ಎರಡು ಟ್ರಾನ್ಸಿಸ್ಟರು, ಹಳೇ ರೇಡಿಯೋದಿಂದ ಕಿತ್ತ ತಿರುಪು,
ಶನಿವಾರ ರಾತ್ರಿ ಬಾರಿನಲ್ಲಿ ಕಾಲಲ್ಲಿ ಮೆಟ್ಟುವ ಸಾಮಾನು.
ಮೆಟ್ಟಿಸಿಕೊಳ್ಳುವುದಕ್ಕೂ ಒಂದು ಮೈಬಣ್ಣ ಬೇಕು
ಅನ್ನುತ್ತಾಳೆ ಇದಾಲಿಯಾ.
ಅವಳಿಗೆ ಹತ್ತೊಂಬತ್ತು. ವಾದಿಸಿ ಫಲವಿಲ್ಲ.

ಹಡಗುಕಟ್ಟೆಯ ಎಲಿಸೆಯೋ ಚಿಕ್ಕಪ್ಪ ಕೊಟ್ಟ ಕಿತ್ತಳೆ,
ಡಬ್ಬದ ತಳದ್ದು, ಕೆನೆಗಟ್ಟಿದ್ದು,
ಯಾವುದೋ ಹಡಗಿನ ಹೊಟ್ಟೆಗೆ ಬಳಿದು ಮಿಕ್ಕಿದ್ದು.
'ಸಮುದ್ರಕ್ಕೇ ಜಗ್ಗದ ಬಣ್ಣ ಕಣೇ.'
ಸಮುದ್ರಕ್ಕೆ ಜಗ್ಗಲಿಲ್ಲವೋ ಏನೋ,
ನನ್ನ ಹೆಬ್ಬೆರಳಿಗೆ ಜಗ್ಗಿತು.
ಒಣಗಿದ ಮೇಲೆ ಉಗುರು ತಾಗಿಸಿದರೆ
ಬೆಂದ ಆಲೂಗಡ್ಡೆಯ ಸಿಪ್ಪೆಯ ಹಾಗೆ ಎದ್ದು ಬಂತು,
ಅಡಿಯಲ್ಲಿ ನನ್ನದೇ ಬೆರಳಚ್ಚು,
ಸಿಕ್ಕಿಬಿದ್ದ ಕಳ್ಳಿಯದರ ಹಾಗೆ.

ಕೈಯ ಜಿಡ್ಡು. ಅಷ್ಟೇ.
ಪಾತ್ರೆ ತೊಳೆವ ಸೋಪು, ಆಮೇಲೆ ವಿನೆಗರು,
ಆಮೇಲೆ ನಾನೂರರ ಉಜ್ಜುಕಾಗದ ಸುತ್ತು ಸುತ್ತಾಗಿ,
ಹೊಳಪೆಲ್ಲ ಸತ್ತು ಬೂದಿಬಣ್ಣಕ್ಕೆ ಇಳಿಯುವ ತನಕ.
ಹೊಳೆಯುವುದಕ್ಕೆ ಏನೂ ಅಂಟುವುದಿಲ್ಲ,
ಗೀರು ಬಿದ್ದದ್ದಕ್ಕೆ ಅಂಟುತ್ತದೆ
(ಯಾರ ಬಗ್ಗೆಯೂ ಹೇಳುತ್ತಿಲ್ಲ,
ಡಬ್ಬಿಯ ಬಗ್ಗೆ ಹೇಳುತ್ತಿದ್ದೇನೆ).

ಬಟ್ಟೆ ಒಣಗಿಸುವ ತಂತಿಗೆ ನೇತುಹಾಕಿ ತೆಳ್ಳಗೆ ಮೂರು ಸಲ.
ಎರಡನೆಯ ಸಲ ನುಸಿಯೊಂದು ಬಂದು ಕೂತು
ಅಲ್ಲೇ ಉಳಿಯಿತು. ತೆಗೆಯಲಿಲ್ಲ.
ಆರುತ್ತಿದ್ದ ಓವನ್ನಿನ ಕೊನೆಯ ಕಾವಿಗೆ ಅರ್ಧ ಗಂಟೆ;
ಮರುದಿನದ ರೊಟ್ಟಿಗೂ ಹಡಗಿನ ವಾಸನೆ.
ಅಕ್ಷರಕ್ಕೆ ಅತ್ತೆಯ ಉಗುರುಬಣ್ಣ.
'ಜೋರು' ಬರೆಯುವಷ್ಟರಲ್ಲಿ ಸೀಸೆ ಬರಿದು,
'ಮೆಲ್ಲಗೆ'ಗೆ ಉಳಿಯಲಿಲ್ಲ.
'ಅದು ಬೇಕಾಗಿಯೂ ಇಲ್ಲ' ಅಂದಳು ಇದಾಲಿಯಾ.

ಜೋಡಿಸಿದೆವು. ಗಿಟಾರು ಮುಟ್ಟುವ ಮೊದಲೇ
ಗುಂಯ್ ಅನ್ನತೊಡಗಿತು ಡಬ್ಬಿ,
ಜೇನುಗೂಡಿಗೆ ಯಾರೋ ಕಲ್ಲೆಸೆದ ಹಾಗೆ.
ಶುಕ್ರವಾರವಿಡೀ ಬೆಸುಗೆ ಬಿಚ್ಚಿದೆ, ಕಟ್ಟಿದೆ.
ರಾತ್ರಿ ಹನ್ನೊಂದಕ್ಕೆ ಕಣ್ಣಿಗೆ ಬಿತ್ತು:
ಬಣ್ಣ ಮಿಕ್ಕಿತ್ತೆಂದು
ಒಳಗೂ ಬಳಿದಿದ್ದೆ, ಮೂಲೆ ಮೂಲೆಗೂ, ಅಚ್ಚುಕಟ್ಟಾಗಿ.
ಅರ್ತಿನ ತಂತಿ ಲೋಹ ಸಿಗದೆ
ಬಣ್ಣದ ಮೇಲೆ ಕೂತು ಗೊಣಗುತ್ತಿತ್ತು.

ಜೇಬಿನಲ್ಲಿದ್ದದ್ದು ಹತ್ತು ಪೆಸೊ ನಾಣ್ಯ.
ಅದಕ್ಕೆ ಇಲ್ಲಿ ಏನೂ ಬರುವುದಿಲ್ಲ,
ಚಿಲ್ಲರೆ ಎಣಿಸುವಾಗ ಅಂಗಡಿಯವರೇ ಬಿಟ್ಟುಬಿಡುತ್ತಾರೆ.
ಅದರ ಅಂಚಿನಿಂದ ಕೆರೆದೆ,
ಅದರಷ್ಟೇ ಅಗಲ,
ಬರಿ ಲೋಹ ಮುಖ ತೋರುವ ತನಕ.

ತಂತಿ ತಾಗಿಸಿದೆ.
ಎಷ್ಟು ಹೊತ್ತು ಸದ್ದಿಲ್ಲದೆ ಇತ್ತೆಂದರೆ
ಕೆಟ್ಟೇ ಹೋಯಿತು ಅಂದುಕೊಂಡೆವು.
ಆಮೇಲೆ ಇದಾಲಿಯಾ ಚಪ್ಪಲಿ ಕಳಚಿ
ಬರಿಗಾಲಲ್ಲಿ ಮೆಟ್ಟಿದಳು,
ಮೂರು ಮನೆಯಾಚೆ ನಾಯಿ ಎದ್ದಿತು.